ಒಳಮೈ ಸವೆದ ಟೈರು

"ಕೊಲೆಗಾರ!" ಎಂದರು ಫೇಲ್ ಸಾಹೇಬರು, ಕಳಚಿಟ್ಟ ಮುಂದಿನ ಟೈರಿಗೆ ಕೈಕೋಲಿನಿಂದ ತಿವಿಯುತ್ತಾ. "ನನ್ನ ಅಳಿಯ ಗಾಡಿ ಓಡಿಸೋದಿಲ್ಲ ಕಣಯ್ಯಾ, ಕೊಲ್ತಾನೆ. ವರ್ಷ ತುಂಬಿಲ್ಲ, ನೋಡು ಇದರ ಗತಿ!"

ಟೈರ್ ಅಂಗಡಿಯವನು ಅದನ್ನು ಹೊರಳಿಸಿ ಒಳಮೈ ತೋರಿಸಿದ. ಹೊರಗಿನಿಂದ ನೋಡಿದವರಿಗೆ ಗಟ್ಟಿಮುಟ್ಟು. ಒಳ ಅಂಚು ಮಾತ್ರ ಬೋಳು ಬೋಳು. ಒಂದು ಕಡೆ ತಂತಿಯೇ ಇಣುಕುತ್ತಿತ್ತು.

"ಹೈಬ್ರಿಡ್ ಗಾಡಿ ಅಲ್ವಾ ಸಾರ್, ಬ್ಯಾಟರಿ ಭಾರ ಬೇರೆ, ಹೊರಟ ಕೂಡಲೇ ಮೋಟರು ಜಗ್ಗುತ್ತೆ. ಟೈರು ಬೇಗ ಸವೆಯೋದೇ. ಆದ್ರೆ ಇದು ಬರೀ ಅದಲ್ಲ. ಎಲ್ಲೋ ಪದೇ ಪದೇ ಕಟ್ಟೆಗೆ ಗುದ್ದಿದೆ, ಅಲೈನ್‌ಮೆಂಟ್ ತಪ್ಪಿದೆ."

"ನನಗೇ ಪಾಠ ಹೇಳ್ತೀಯಾ?"

ಅಂಗಡಿಯವನು ಟೈರನ್ನು ಗೋಡೆಗೆ ಒರಗಿಸಿದ. ಸಾಹೇಬರು ಆ ಊರಿನಲ್ಲಿ ಡ್ರೈವಿಂಗ್ ಪರೀಕ್ಷೆ ನಡೆಸುತ್ತಿದ್ದವರು. ಅವನೂ ಒಂದು ಕಾಲಕ್ಕೆ ಅವರೆದುರು ಬೆವರಿ ನೀರಾದವನೇ. ಪಾಸು ಮಾಡುವುದೆಂದರೆ ಸಾಹೇಬರಿಗೆ ಹಲ್ಲು ಕೀಳಿಸಿಕೊಂಡಷ್ಟು ಕಷ್ಟ. ನಿವೃತ್ತಿಯಾದ ಮೇಲೂ ಊರಿಟ್ಟ 'ಫೇಲ್' ಎಂಬ ಹೆಸರು ಉಳಿದಿತ್ತು, ಸ್ವಭಾವವೂ ಉಳಿದಿತ್ತು. ಕಣ್ಣಿಗೆ ಪೊರೆ ಬಂದು ಸ್ಟೇರಿಂಗ್ ಬಿಟ್ಟಿದ್ದರು. ಆಪರೇಷನ್ನಿಗೆ ಮಾತ್ರ ಒಪ್ಪಿರಲಿಲ್ಲ. ಕಣ್ಣಿನ ಡಾಕ್ಟರು ತನ್ನ ಕಾರನ್ನು ಓರೆಯಾಗಿ ನಿಲ್ಲಿಸಿದ್ದನ್ನು ಅವರು ಕಂಡಿದ್ದರು. ಬೇರೆಯವರ ತಪ್ಪು ಕಾಣುವ ಕಣ್ಣನ್ನು ದೇವರು ಅವರಿಗೆ ಧಾರಾಳವಾಗಿ ಕೊಟ್ಟಿದ್ದ. ಆ ಕಣ್ಣಿಗೆ ಪೊರೆ ಬಂದಿರಲಿಲ್ಲ.

ಅಳಿಯ ಕಂಬಕ್ಕೆ ಒರಗಿ ನಿಂತಿದ್ದ. ಶಾಲೆಯಲ್ಲಿ ಲೆಕ್ಕದ ಮೇಷ್ಟ್ರು. ಏನೆಂದರೂ ತಲೆಯಾಡಿಸುವ ಅವನನ್ನು ಸಾಹೇಬರು ಕೋಲೆಬಸವ ಎಂದೇ ಕರೆಯುತ್ತಿದ್ದರು.

"ಇನ್ನು ಸ್ವಲ್ಪ ದಿನ ಅಷ್ಟೇ ಮಾವ," ಎಂದ ಅವನು. "ಆಮೇಲೆ ಹೀಗೆ ಸವೆಯೋದಿಲ್ಲ."

ಸಾಹೇಬರ ಕಿವಿ ನೆಟ್ಟಗಾಯಿತು. ಸ್ವಲ್ಪ ದಿನ? ಏನು ಮುಗಿಯುವುದರಲ್ಲಿದೆ?

ದಾರಿಯುದ್ದಕ್ಕೂ ಅವರು ಎಳೆ ಜೋಡಿಸುತ್ತಾ ಬಂದರು. ಕಾರು ತಮ್ಮ ಹೆಂಡತಿಯ ತವರಿನ ಪಾಲಿನ ಹಣದಿಂದ ಬಂದದ್ದು. ಓಡಿಸುವವನು ಅಳಿಯ. ಸಂಜೆಯಾದರೆ ಅತ್ತೆಯನ್ನು ಪ್ರಾರ್ಥನೆಗೆ ಬಿಟ್ಟು ಬರುತ್ತೇನೆಂದು ಹೊರಡುತ್ತಾನೆ. ಪ್ರಾರ್ಥನಾಮಂದಿರ ಇರುವುದು ಪಕ್ಕದ ಬೀದಿಯಲ್ಲಿ. ಕಾರು ಬರುವುದು ಕತ್ತಲಾದ ಮೇಲೆ, ಮೈತುಂಬ ಧೂಳು ಹೊತ್ತು. ಮುದುಕಿಯನ್ನು ದೇವರ ಮುಂದೆ ಇಳಿಸಿ ಇವನು ಯಾರ ಮುಂದೆ ಹೋಗಿ ಕೂರುತ್ತಾನೆ?

ಮನೆಗೆ ಬಂದವರೇ ಗುಡುಗಿದರು. ಹೆಂಡತಿ ಅಡುಗೆಮನೆಯಿಂದ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದಳು.

"ಅಳಿಯಂದಿರನ್ನ ಅನ್ನಬೇಡಿ ರೀ. ಟೈರು ಹಾಗಾಗಿದ್ದು ಅವರಿಂದಲ್ಲ, ಅದು..."

"ಓಹೋ! ಬಂದ್ರು ಇಂಜಿನಿಯರಮ್ಮ! ನಿನಗೆ ಟೈರು ಯಾವುದು ಸ್ಟೆಪ್ನಿ ಯಾವುದು ಗೊತ್ತೇನೇ? ಸಾರಿಗೆ ಉಪ್ಪು ಹಾಕೋದು ಇನ್ನೂ ಕಲಿತಿಲ್ಲ. ಒಳಗೆ ಹೋಗು."

ಅವಳು ಒಳಗೆ ಹೋದಳು. ಮದುವೆಯಾದಾಗಿನಿಂದ ಹೋಗುತ್ತಲೇ ಇದ್ದಳು.

ಮಗಳು ಅಮ್ಮನ ಬಟ್ಟೆಗಳಿಗೆ ಇಸ್ತ್ರಿ ಹಾಕುತ್ತಿದ್ದಳು. ಸಾಹೇಬರು ಅವಳ ಪಕ್ಕ ಕುರ್ಚಿ ಎಳೆದುಕೊಂಡು ದನಿ ತಗ್ಗಿಸಿದರು.

"ಮಗಳೇ, ಈ ಮನೆಯಲ್ಲಿ ಒಂದು ಸಂಸಾರ ಮುರೀತಾ ಇದೆ. ನಿನಗೆ ಗೊತ್ತಾ?"

ಇಸ್ತ್ರಿಪೆಟ್ಟಿಗೆ ಕ್ಷಣ ನಿಂತಿತು. "ಗೊತ್ತಪ್ಪ."

"ಗೊತ್ತಿದ್ದೂ ಸುಮ್ಮನಿದ್ದೀಯಾ?"

"ಎಷ್ಟು ದಿನ ಅಂತ ತೇಪೆ ಹಾಕೋದು ಅಪ್ಪಾ? ಒಳಗೇ ಸವೆದು ಹೋಗಿದೆ."

ಸಾಹೇಬರ ಎದೆ ಉಬ್ಬಿತು. ತನ್ನ ರಕ್ತ! "ಹಾಗಾದ್ರೆ ತಡ ಯಾಕೆ? ನಾಳೆ ಸಂಜೆ ಅವರ ಕಾರಿನ ಹಿಂದೇ ಹೋಗೋಣ, ಕೈಯಾರೆ ಹಿಡಿಯೋಣ. ಬಟ್ಟೆ ಕಟ್ಟಿಡು. ಅಲ್ಲೇ, ಆ ನಾಲಾಯಕ್ಕಿನ ಮುಖದ ಮೇಲೇ ಎಲ್ಲ ಮುಗಿಸಿಬಿಡು."

"ಆಗಲಿ ಅಪ್ಪಾ. ಕಟ್ಟಿಡ್ತೀನಿ."

ಮರುದಿನ ಸಂಜೆ ಹೆಂಡತಿಯೂ ಅಳಿಯನೂ ಹೊರಟ ಕಾರಿನ ಬೆನ್ನಿಗೆ ಬಾಡಿಗೆ ಗಾಡಿಯೊಂದು ಬಿತ್ತು. ಮಗಳ ಮಡಿಲಲ್ಲಿ ಚೀಲವಿತ್ತು, ಉಬ್ಬಿಕೊಂಡು. ಪ್ರಾರ್ಥನಾಮಂದಿರದ ಬಳಿ ದಾರಿಗಡ್ಡವಾಗಿ ಕುರಿಮಂದೆ ಬಂತು. ಅದು ದಾಟುವಷ್ಟರಲ್ಲಿ ಕಾರು ಮಾಯ. "ಕುರಿ ಕಾಯೋನಿಗೂ ರಸ್ತೆ ದಾಟೋ ಯೋಗ್ಯತೆ ಇಲ್ಲ," ಎಂದು ಸಾಹೇಬರು ಕಿರುಚಿದರು. ಧೂಳಿನ ಜಾಡು ಹಿಡಿದು ಅವರು ತಲುಪಿದ್ದು ಹಳೆಯ ಗೋದಾಮಿನ ಹಿಂದಿನ ಬಯಲಿಗೆ.

ಅಳಿಯ ಬಯಲಿನ ನಡುವೆ ನಿಂತಿದ್ದ. ಕಾರು ಅವನ ಸುತ್ತ ಸದ್ದಿಲ್ಲದೆ ತಿರುಗುತ್ತಿತ್ತು. ಸಾಹೇಬರು ಕಣ್ಣು ಕಿರಿದಾಗಿಸಿದರು. ಸ್ಟೇರಿಂಗಿನ ಹಿಂದೆ ಮಸುಕು ಮಸುಕಾಗಿ ಒಂದು ಸೆರಗು.

"ಹೆಂಗಸು!" ಅವರ ದನಿಯಲ್ಲಿ ಗೆಲುವಿತ್ತು. "ನೋಡಿದೆಯಾ? ನಾನು ಹೇಳಲಿಲ್ವಾ?"

"ನೋಡಿದೆ ಅಪ್ಪಾ."

ಕಾರು ಎರಡು ಮುರುಕಲು ಕಟ್ಟೆಗಳ ನಡುವೆ ಹಿಂದಕ್ಕೆ ಬಂತು. ಎಲ್ಲೂ ತಾಗಲಿಲ್ಲ. ಮುಂದೆ ಸರಿಯಿತು, ಗೆರೆ ಎಳೆದಂತೆ ನೇರ ನಿಂತಿತು. ಸಾಹೇಬರು ತಪ್ಪು ಹುಡುಕಿದರು. ಮತ್ತೆ ಹುಡುಕಿದರು. ಸಿಗಲಿಲ್ಲ. ಮೈ ಉರಿಯಿತು.

"ಮನೆಹಾಳಿ," ಎಂದು ಹಲ್ಲು ಕಡಿದರು. "ಓಡಿಸೋದೇನೋ ಚೆನ್ನಾಗೇ ಓಡಿಸ್ತಾಳೆ."

"ನೀವು ಹಾಗಂದ್ರಿ ಅಂತ ಹೇಳ್ತೀನಿ," ಎಂದಳು ಮಗಳು. ಅವಳ ಕಣ್ಣು ಒದ್ದೆಯಾಗಿತ್ತು.

"ಅಳಬೇಡ. ನಡಿ. ಚೀಲ ತಗೋ. ಧೈರ್ಯವಾಗಿ ಹೋಗಿ ಮುಗಿಸಿ ಬಾ."

ಮಗಳು ಬಯಲು ದಾಟಿದಳು. ಗಂಡನನ್ನು ದಾಟಿ ಮುಂದೆ ಹೋದಳು. ಕಾರಿನ ಹಿಂದಿನ ಬಾಗಿಲು ತೆಗೆದು ಚೀಲವನ್ನು ಸೀಟಿನ ಮೇಲಿಟ್ಟಳು.

"ನಿನ್ನ ಬಟ್ಟೆ ಎಲ್ಲಾ ಇದರಲ್ಲಿದೆ ಅಮ್ಮಾ. ತವರೂರಲ್ಲಿ ಚಿಕ್ಕಮ್ಮ ಕಾಯ್ತಿರ್ತಾರೆ, ನಿಧಾನವಾಗಿ ಓಡಿಸ್ಕೊಂಡು ಹೋಗು."