ಮೂತಿ ಎತ್ತಿದ ದೋಣಿ

ಇಬ್ಬರು ಕೂರುವ ಹೊಸ ಕಯಾಕ್ ದೋಣಿಗೆ ಗಂಡ ಬ್ಯಾಟರಿ ಮೋಟರ್ ಕೂರಿಸುತ್ತಿದ್ದ. ಹಳೆಯ ದೋಣಿಯಲ್ಲಿ ಇಷ್ಟು ವರ್ಷ ಮುಂದೆ ಕೂತು ಹುಟ್ಟು ಹಾಕಿದವಳು ದಡದ ಕಲ್ಲಿನ ಮೇಲೆ ಕೂತು ನೋಡುತ್ತಿದ್ದಳು.

“ಇನ್ನು ನಾನ್ಯಾಕೆ? ಮೋಟರಿಗೆ ಕೈನೋವೂ ಇಲ್ಲ, ಬಾಯಿಯೂ ಇಲ್ಲ. ಒಬ್ಬರೇ ಹೋಗಿ ಮೀನು ಹಿಡೀರಿ.”

“ನಿನ್ನ ಮಾತಿಗೆ ಹೆದರಿ ಓಡಿದ ಮೀನೆಲ್ಲ ವಾಪಸ್ ಬಂದಾವು,” ಎಂದ ಅವನು, ಬೋಲ್ಟ್ ಬಿಗಿಯುತ್ತಾ.

ಅವಳು ನಕ್ಕಳು. ಆದರೆ ವಾರಕ್ಕೊಂದು ಬೆಳಗು ಹೊಳೆಯ ಮೇಲೆ ತನಗೆಂದೇ ಇದ್ದ ಆ ಜಾಗ ಇವತ್ತಿಗೆ ಮುಗಿಯಿತೆಂದು ಒಳಗೆ ಚುರ್ರೆಂದಿತು.

ಮೋಟರ್ ಹಿಂದೆ, ಬ್ಯಾಟರಿಯೂ ಹಿಂದೆ, ಅವನೂ ಹಿಂದೆ. ನೀರಿಗಿಳಿದದ್ದೇ ತಡ, ದೋಣಿ ಮೂತಿಯನ್ನು ಆಕಾಶಕ್ಕೆತ್ತಿ, ಗಾಳಿ ತಳ್ಳಿದ ಕಡೆಗೆಲ್ಲ ತಿರುಗತೊಡಗಿತು.

“ಕಾಲೇಜಿನಲ್ಲಿ ಗುರುತ್ವಕೇಂದ್ರ ಅಂತ ಪಾಠ ಮಾಡ್ತಿದ್ದದ್ದು ನೀವೇ ಅಲ್ವಾ?” ಎಂದು ಅವಳು ಹೊಟ್ಟೆ ಹಿಡಿದುಕೊಂಡು ನಗುತ್ತಾ ಕೂಗಿದಳು.

ಅವನು ಪೆಚ್ಚುಮೋರೆ ಹಾಕಿಕೊಂಡು ದಡಕ್ಕೆ ಬಂದ. “ಮುಂದೆ ಭಾರ ಬೇಕು ಮಾರಾಯ್ತಿ. ಬಂದು ಕೂರ್ತೀಯಾ?”

“ಅಕ್ಕಿಮೂಟೆ ಇಟ್ಕೊಳ್ಳಿ. ಅದು ಮಾತೂ ಆಡೋದಿಲ್ಲ.”

“ಅಕ್ಕಿ ನೆನೆಯುತ್ತೆ.”

ಗೆದ್ದವಳ ಗತ್ತಿನಲ್ಲಿ ಅವಳು ಹೋಗಿ ಕೂತಳು. ದೋಣಿ ಮೂತಿ ಇಳಿಸಿ ನೆಟ್ಟಗೆ ಹೊರಟಿತು.

ನಡುಹೊಳೆಯಲ್ಲಿ ಅವಳ ಕಾಲಿಗೊಂದು ಮುಚ್ಚಳ ತಾಗಿತು. ಬ್ಯಾಟರಿ ಇಡುವ ಜಾಗ ಇದೇ ಎಂದು ಕಂಪನಿಯವರು ಅದರ ಮೇಲೆ ದಪ್ಪಕ್ಷರದಲ್ಲಿ ಅಚ್ಚು ಹಾಕಿದ್ದರು. ಅವಳು ಮುಚ್ಚಳ ತೆಗೆದಳು. ಒಳಗೆ ಕಾಫಿ ತುಂಬಿದ ಫ್ಲಾಸ್ಕ್ ಇತ್ತು, ಪಕ್ಕದಲ್ಲಿ ಎರಡು ಲೋಟ.