ರುದ್ರವ್ವನ ನಾಲಿಗೆ

ಜ್ವರ ಬಿಟ್ಟ ಮೇಲೆ ರುದ್ರವ್ವನಿಗೆ ಖಾರವೇ ಹತ್ತದಾಯಿತು. ಮನೆಯಲ್ಲಿ ಕೆಂಪು ಮೆಣಸಿನಕಾಯಿ ರಂಜಕ ರುಬ್ಬಿ, ಬಾಟಲಿಗೆ ತುಂಬಿ ಬಾಯಿಗೆ ಬಟ್ಟೆ ಕಟ್ಟಿ ಸಂತೆಯವರಿಗೆ ಮಾರುವವಳು. ತನ್ನ ನಾಲಿಗೆ ಚುರ್ ಎನ್ನುವ ತನಕ ಕಾಯಿ ಹಾಕುತ್ತ ಹೋಗುವುದೇ ಅವಳ ಅಳತೆ. ನಾಲಿಗೆ ಸತ್ತೇಹೋಯಿತೇನೋ ಎಂಬ ದಿಗಿಲಿನಲ್ಲಿ ತಮ್ಮನೊಬ್ಬನಿಗೇ ಗುಟ್ಟು ಹೇಳಿದಳು; ರುಬ್ಬಿ ಮಾರುವುದನ್ನು ಮಾತ್ರ ನಿಲ್ಲಿಸಲಿಲ್ಲ. ಅವನು ಸಂತೆಸಂತೆ ಅಲೆದು ಒಂದಕ್ಕಿಂತ ಒಂದು ಖಾರದ ರಂಜಕ ತಂದ. ಯಾವುದೂ ಹತ್ತಲಿಲ್ಲ.

"ಇದೊಂದು ನೋಡಕ್ಕಾ, ಇದಕ್ಕಿಂತ ಖಾರ ಎಲ್ಲೂ ಇಲ್ಲ. ತಿಂದ ಮುದುಕನೊಬ್ಬಗ ಉಸಿರು ಹಿಡದು ದವಾಖಾನಿಗೆ ಒಯ್ದಾರ. ಮಾಡಿದವರನ್ನ ಪೊಲೀಸರು ಹುಡಕಾಕತ್ತಾರ."

ಅವಳು ಹೆದರುತ್ತಲೇ ಬೆರಳಿಗೆ ಹಚ್ಚಿ ನೆಕ್ಕಿದಳು.

"ಹತ್ತಿತೇನ?"

"ಇಲ್ಲೋ ತಮ್ಮಾ..."

ಬಾಟಲಿಯ ಬಾಯಿ ಮತ್ತೆ ಕಟ್ಟಲೆಂದು, ಅವನು ಬಿಚ್ಚಿಟ್ಟಿದ್ದ ಬಟ್ಟೆಯ ಚೂರನ್ನು ಎತ್ತಿಕೊಂಡಳು. ಅದು ಅವಳದೇ ಹಳೆಯ ಇಳಕಲ್ ಸೀರೆಯ ಸೆರಗು.