ಮೂರಡಿ ದುಂಡಪ್ಪ

ಊರಿನ ಎಲ್ಲ ಚುನಾವಣಾ ಬೋರ್ಡುಗಳಂತೆ ಬಸಲಿಂಗವ್ವನ ಅಂಗಳದಲ್ಲಿದ್ದ ಅಭ್ಯರ್ಥಿ ದುಂಡಪ್ಪನವರ ಬೋರ್ಡೂ ಮಾತಾಡುತ್ತಿತ್ತು. ಆದರೆ ಇದು ಚುರುಕು. ತಿಂಗಳೊಪ್ಪತ್ತಿನಲ್ಲಿ ಮತ ಕೇಳುವುದರ ಜೊತೆಗೆ ಸೊಪ್ಪಿನವಳ ಹತ್ತಿರ ಚೌಕಾಸಿ ಮಾಡುವುದನ್ನೂ, ಬಿಸಿಲಿಗಿಟ್ಟ ಹಪ್ಪಳಕ್ಕೆ ಬಾಯಿ ಹಾಕುವ ಆಡನ್ನು ಗದರಿಸುವುದನ್ನೂ ಕಲಿತುಬಿಟ್ಟಿತ್ತು.

ಮತದಾನದ ಹಿಂದಿನ ದಿನ ಪುರಸಭೆಯ ನೌಕರ ಮಾಬುಸಾಬ ಟೇಪು ಹಿಡಿದು ಬಂದ. ಬೋರ್ಡಿನ ಎತ್ತರ ನಿಯಮದಂತೆ ಮೂರೇ ಅಡಿ ಇತ್ತು, ದನಿಯೂ ಕಾಂಪೌಂಡು ದಾಟುತ್ತಿರಲಿಲ್ಲ.

"ಇವತ್ತ ಸಂಜಿಂದ ಇದರ ಬಾಯಿ ಬಂದ್ ಇರಬೇಕ್ರಿ ಯವ್ವಾ," ಎಂದ.

"ಇರ್ತೈತಿ ಬಿಡೋ. ಎಣಿಕಿ ಆದಮ್ಯಾಲ?"

"ಗೆದ್ದವರ ಬೋರ್ಡು ಅವತ್ತ ನಾವು ಒಯ್ತೀವ್ರಿ. ಸೋತವರದು ಬೇಕಾದ್ರ ಮನಿಯವರು ಇಟ್ಕೋಬಹುದು."

ಅವನು ಹೋದ ಮೇಲೆ ಬೋರ್ಡು ಮೆಲ್ಲಗೆ ಕೇಳಿತು: "ಯವ್ವಾ, ನಿಮ್ಮ ಓಟು ನಮಗ ಅಲ್ರಿ?"

ಬಸಲಿಂಗವ್ವ ಸೆರಗಿನಿಂದ ಅದರ ಮುಖದ ಧೂಳು ಒರೆಸಿದಳು.

"ನಮ್ಮ ಮನ್ಯಾಗ ಎಂಟು ಓಟು ಅದಾವ. ಎಂಟೂ ನಿಮ್ಮ ಎದುರಿನವರಿಗೆ. ಗೆದ್ದು ಎಲ್ಲಿಗೆ ಹೊಂಟಿ ನೀ? ಸುಮ್ಮನ ಹಪ್ಪಳ ಕಾಯ್ಕೋತ ನಿಂದ್ರು."